ಸಿರಿಯೂ ಅಧಿಕಾರವೂ: ಗವರ್ನರ್ ವಿಂತ್ರಾಪ್ ರಾಕ್‌ಫೆಲರ್ ಅವರ ಬದುಕು



ಒಂದು ಕುಟುಂಬ ತನ್ನ ದುಡಿಮೆಯ ಒಂದು ಪಾಲನ್ನು ತೆಗೆದಿರಿಸಿ, ಅದರ ಬಡ್ಡಿಯಿಂದ ವರ್ಷವರ್ಷವೂ ಇಂಥ ದತ್ತಿ ಉಪನ್ಯಾಸ ನಡೆಯಲಿ ಎಂದು ಬಯಸಿದೆ. ಅಂಥ ವೇದಿಕೆಯಲ್ಲಿ ನಿಂತು ಸಂಪತ್ತಿನ ಸಾರ್ವಜನಿಕ ಕರ್ತವ್ಯವನ್ನು ಕುರಿತು ಮಾತನಾಡುವುದು ಉಚಿತವೆಂದು ನನಗೆ ತೋರಿತು.

ಭಾರೀ ಸಿರಿವಂತರು ರಾಜಕೀಯಕ್ಕೆ ಬಂದರೆ ಏನಾಗುತ್ತದೆ? ನಮ್ಮಲ್ಲಿ ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಹೊಟ್ಟೆ ತುಂಬಿದವನು ಕದಿಯುವುದಿಲ್ಲ ಎನ್ನುವುದು ಒಂದು. ಹಣ ಹಾಕಿದವನು ಹಣ ತೆಗೆಯದೆ ಬಿಡುವುದಿಲ್ಲ ಎನ್ನುವುದು ಇನ್ನೊಂದು. ಎರಡನ್ನೂ ನಾವು ಹೋಟೆಲಿನ ಕಟ್ಟೆಯಲ್ಲೂ ಕೇಳುತ್ತೇವೆ, ಚುನಾವಣೆಯ ಭಾಷಣದಲ್ಲೂ ಕೇಳುತ್ತೇವೆ. ಈ ಎರಡು ಉತ್ತರಗಳನ್ನೂ ಒಬ್ಬ ಮನುಷ್ಯನ ಬದುಕಿಗೆ ಒಡ್ಡಿ ಪರೀಕ್ಷಿಸುವುದು ಇಂದಿನ ನನ್ನ ಉದ್ದೇಶ. ಆ ಮನುಷ್ಯ ವಿಂತ್ರಾಪ್ ರಾಕ್‌ಫೆಲರ್. ಜಗತ್ತಿನ ಅತ್ಯಂತ ಶ್ರೀಮಂತ ಮನೆತನಗಳಲ್ಲಿ ಒಂದರಲ್ಲಿ ಹುಟ್ಟಿ, ಅಮೆರಿಕದ ಅತ್ಯಂತ ಬಡ ರಾಜ್ಯಗಳಲ್ಲಿ ಒಂದಾಗಿದ್ದ ಆರ್ಕನ್ಸಾದಲ್ಲಿ ನೆಲೆಸಿ, 1967ರಿಂದ 1971ರವರೆಗೆ ಅಲ್ಲಿನ ಗವರ್ನರ್ ಆಗಿದ್ದವರು.

ವಿಷಯವನ್ನು ನಾಲ್ಕು ಭಾಗಗಳಲ್ಲಿ ನೋಡೋಣ. ಮೊದಲನೆಯದು ಅವರ ಮನೆತನ ಮತ್ತು ಬೆಳವಣಿಗೆ. ಎರಡನೆಯದು ಆರ್ಕನ್ಸಾಕ್ಕೆ ಬಂದ ಮೇಲೆ, ಅಧಿಕಾರಕ್ಕೆ ಮುನ್ನ ಅವರು ಮಾಡಿದ ಕೆಲಸ. ಮೂರನೆಯದು ಗವರ್ನರ್ ಆಗಿ ಅವರ ಗೆಲುವು ಮತ್ತು ಸೋಲು. ಕೊನೆಯದು ಅಧಿಕಾರ ಬಿಡುವ ಮುನ್ನ ಅವರು ಕೈಗೊಂಡ ಒಂದು ನಿರ್ಧಾರ, ಮತ್ತು ಅದರಿಂದ ನಾವು ತಿಳಿಯಬೇಕಾದದ್ದು.

ಆರಂಭದಲ್ಲೇ ಒಂದು ಸ್ಪಷ್ಟನೆ ಬೇಕು. ನಮ್ಮ ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯುತ್ತಾರೆ. ಅಮೆರಿಕದ ಗವರ್ನರನ್ನು ಜನರೇ ನೇರವಾಗಿ ಚುನಾಯಿಸುತ್ತಾರೆ. ರಾಜ್ಯದ ಆಡಳಿತದ ಹೊಣೆಯೆಲ್ಲ ಅವರದೇ. ನಮ್ಮ ಮುಖ್ಯಮಂತ್ರಿಯ ಕೆಲಸಕ್ಕೆ ಅದು ಹತ್ತಿರ. ಆದರೆ ಶಾಸನಸಭೆಯಲ್ಲಿ ಬಹುಮತ ಇರಲೇಬೇಕೆಂಬ ನಿಯಮ ಅಲ್ಲಿಲ್ಲ. ಈ ಕಡೆಯ ಸಂಗತಿ ನಮ್ಮ ಕಥನದಲ್ಲಿ ಬಹಳ ಮುಖ್ಯವಾಗಲಿದೆ.

ಈಗ ಮೊದಲ ಭಾಗಕ್ಕೆ ಬರುತ್ತೇನೆ.

ವಿಂತ್ರಾಪ್ ಹುಟ್ಟಿದ್ದು 1912ರ ಮೇ 1ರಂದು, ನ್ಯೂಯಾರ್ಕ್ ನಗರದಲ್ಲಿ. ಅಜ್ಜ ಜಾನ್ ಡಿ. ರಾಕ್‌ಫೆಲರ್ 1870ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನು ಕಟ್ಟಿ, ಅಮೆರಿಕದ ತೈಲ ಶುದ್ಧೀಕರಣ ಉದ್ಯಮದ ಬಹುಪಾಲನ್ನು ಕೈವಶ ಮಾಡಿಕೊಂಡಿದ್ದವರು. ಮೊಮ್ಮಗ ಹುಟ್ಟುವ ಹಿಂದಿನ ವರ್ಷ, 1911ರಲ್ಲಿ, ಆ ಏಕಸ್ವಾಮ್ಯ ಕಾನೂನುಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟು ತೀರ್ಪಿತ್ತು ಕಂಪನಿಯನ್ನು ಒಡೆಯಿತು. ಮಗುವಿಗೆ ಎರಡು ತುಂಬುವ ಹೊತ್ತಿಗೆ, 1914ರ ಏಪ್ರಿಲ್‌ನಲ್ಲಿ, ಕೊಲೊರಾಡೊದ ಲಡ್ಲೋ ಎಂಬಲ್ಲಿ ಮುಷ್ಕರ ಹೂಡಿ ಡೇರೆಗಳಲ್ಲಿದ್ದ ಗಣಿ ಕಾರ್ಮಿಕರ ಮೇಲೆ ದಾಳಿ ನಡೆಯಿತು. ಬೆಂಕಿಗೆ ಸಿಕ್ಕಿ ಹನ್ನೊಂದು ಮಕ್ಕಳು, ಇಬ್ಬರು ಹೆಂಗಸರು ಸತ್ತರು. ಆ ಗಣಿ ಕಂಪನಿಯಲ್ಲಿ ಹಿಡಿತವಿದ್ದದ್ದು ವಿಂತ್ರಾಪರ ತಂದೆ ಕಿರಿಯ ಜಾನ್ ರಾಕ್‌ಫೆಲರ್ ಅವರಿಗೆ. ಇಡೀ ದೇಶ ಆ ಹೆಸರನ್ನು ಶಪಿಸಿತು.

ಅದೇ ಮನೆತನ 1913ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನವನ್ನೂ ಸ್ಥಾಪಿಸಿತ್ತು. ಅದರ ಕೈ ನಮ್ಮ ನಾಡಿನವರೆಗೂ ಚಾಚಿತ್ತು ಎಂಬುದು ಹಿರಿಯರಿಗೆ ನೆನಪಿರಬಹುದು. ಹಳೆಯ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯೊಂದಿಗೆ ಸೇರಿ ಆ ಪ್ರತಿಷ್ಠಾನ ಮಲೇರಿಯ ನಿಯಂತ್ರಣದಲ್ಲಿ ದುಡಿಯಿತು. ಇಂದು ನಾವು ರಾಮನಗರ ಎನ್ನುವ ಕ್ಲೋಸ್‌ಪೇಟೆಯಲ್ಲಿ ಗ್ರಾಮೀಣ ಆರೋಗ್ಯ ಕೇಂದ್ರಕ್ಕೆ ನೆರವಾಯಿತು. ಹೀಗೆ ಒಂದೇ ಹೆಸರಿಗೆ ಶಾಪವೂ ಹರಕೆಯೂ ಅಂಟಿಕೊಂಡಿದ್ದವು. ಆ ಎರಡನ್ನೂ ಹೊತ್ತು ಬೆಳೆದವರು ವಿಂತ್ರಾಪ್ ಮತ್ತು ಅವರ ಒಡಹುಟ್ಟಿದವರು. ತಂದೆ ಮಕ್ಕಳ ಕೈಗೆ ಲೆಕ್ಕದ ಪುಸ್ತಕ ಕೊಟ್ಟಿದ್ದರು. ಕೈಖರ್ಚಿನ ಪುಡಿಗಾಸಿನಲ್ಲಿ ಎಷ್ಟು ಉಳಿಸಿದಿರಿ, ಎಷ್ಟು ದಾನ ಕೊಟ್ಟಿರಿ ಎಂದು ಬರೆದು ಒಪ್ಪಿಸಬೇಕಿತ್ತು.

ಒಬ್ಬ ಅಕ್ಕ, ಐವರು ಗಂಡುಮಕ್ಕಳು. ವಿಂತ್ರಾಪ್ ನಾಲ್ಕನೆಯ ಮಗ. ಅಣ್ಣ ನೆಲ್ಸನ್ ಮುಂದೆ ನ್ಯೂಯಾರ್ಕಿನ ಗವರ್ನರ್ ಆಗಿ, ಬಳಿಕ ದೇಶದ ಉಪಾಧ್ಯಕ್ಷರಾದರು. ತಮ್ಮ ಡೇವಿಡ್ ಚೇಸ್ ಮ್ಯಾನ್‌ಹಾಟನ್ ಬ್ಯಾಂಕನ್ನು ನಡೆಸಿದರು. ಇವರ ನಡುವೆ ವಿಂತ್ರಾಪ್ ಓದಿನಲ್ಲಿ ಹಿಂದೆ ಬಿದ್ದ ಹುಡುಗ. ಯೇಲ್ ವಿಶ್ವವಿದ್ಯಾಲಯಕ್ಕೆ ಸೇರಿದರೂ 1934ರಲ್ಲಿ ಪದವಿಯಿಲ್ಲದೆ ಹೊರಬಂದರು. ಆಮೇಲೆ ಟೆಕ್ಸಾಸಿನ ತೈಲಬಾವಿಗಳಲ್ಲಿ ಕೂಲಿಯಾಗಿ ದುಡಿದರು. ಅಜ್ಜನ ಸಂಪತ್ತು ಯಾವ ನೆಲದಿಂದ, ಯಾರ ಬೆವರಿನಿಂದ ಮೇಲೆದ್ದಿತು ಎಂಬುದನ್ನು ಆ ಮನೆಯ ಮಗನೊಬ್ಬ ಮೈಯಾರೆ ಕಂಡದ್ದು ಅಲ್ಲಿ.

1941ರ ಆರಂಭದಲ್ಲಿ, ಅಮೆರಿಕ ಯುದ್ಧಕ್ಕೆ ಇಳಿಯುವ ಮೊದಲೇ, ಅವರು ಸಾಮಾನ್ಯ ಸಿಪಾಯಿಯಾಗಿ ಸೈನ್ಯ ಸೇರಿದರು. 77ನೆಯ ಪದಾತಿ ದಳದೊಂದಿಗೆ ಗ್ವಾಮ್, ಲೇಟೆ, ಒಕಿನಾವಾ ಕಾಳಗಗಳಲ್ಲಿ ಪಾಲ್ಗೊಂಡರು. 1945ರ ಏಪ್ರಿಲ್‌ನಲ್ಲಿ ಒಕಿನಾವಾ ಬಳಿ ಅವರಿದ್ದ ಹೆನ್ರಿಕೊ ಹಡಗಿನ ಮೇಲೆ ಜಪಾನಿನ ಆತ್ಮಾಹುತಿ ವಿಮಾನ ಬಂದೆರಗಿದಾಗ ಸುಟ್ಟ ಗಾಯಗಳಾದವು. ಯುದ್ಧ ಮುಗಿದಾಗ ಅವರು ಲೆಫ್ಟಿನೆಂಟ್ ಕರ್ನಲ್. ತೈಲಬಾವಿಯಲ್ಲೂ ಯುದ್ಧರಂಗದಲ್ಲೂ ಅವರು ಎಲ್ಲ ವರ್ಗದ ಜನರ ಪಕ್ಕದಲ್ಲಿ ನಿಂತವರು. ಕಪ್ಪು ಜನರ ಹಿತಕ್ಕಾಗಿ ದುಡಿಯುತ್ತಿದ್ದ ನ್ಯಾಷನಲ್ ಅರ್ಬನ್ ಲೀಗ್ ಸಂಸ್ಥೆಯ ಆಡಳಿತ ಮಂಡಳಿಗೆ ಅವರು 1940ರಲ್ಲೇ ಸೇರಿದ್ದರು. ಮುಂದೆ ಅವರು ತಳೆದ ನಿಲುವುಗಳು ಚುನಾವಣೆಗಾಗಿ ಹೊಸೆದವಲ್ಲ ಎಂಬುದಕ್ಕೆ ಈ ವರ್ಷವೇ ಸಾಕ್ಷಿ.

ಇನ್ನು ಎರಡನೆಯ ಭಾಗ.

ಯುದ್ಧದ ನಂತರದ ಬದುಕು ಸುಖಕರವಾಗಿರಲಿಲ್ಲ. ಮೊದಲ ಮದುವೆ ಬೇಗ ಮುರಿಯಿತು, ಪತ್ರಿಕೆಗಳು ಅದನ್ನು ದಿನನಿತ್ಯದ ಸುದ್ದಿಯಾಗಿಸಿದವು. 1953ರಲ್ಲಿ ಸೈನ್ಯದ ಗೆಳೆಯನೊಬ್ಬನ ಕರೆಗೆ ಓಗೊಟ್ಟು ಅವರು ಆರ್ಕನ್ಸಾಕ್ಕೆ ಬಂದು, ಪೆಟಿ ಜೀನ್ ಬೆಟ್ಟದ ಮೇಲೆ 927 ಎಕರೆ ಜಮೀನು ಕೊಂಡರು. ಕಲ್ಲುನೆಲದ ಆ ಬೆಟ್ಟಕ್ಕೆ ನೀರು ಹತ್ತಿಸಿ, ವಿನ್‌ರಾಕ್ ಫಾರ್ಮ್ಸ್ ಎಂಬ ಹೆಸರಿನಲ್ಲಿ ಸಾಂಟಾ ಗರ್ಟ್ರೂಡಿಸ್ ದನಗಳನ್ನು ಸಾಕಿದರು. ಇದು ಟೆಕ್ಸಾಸಿನಲ್ಲಿ ಶಾರ್ಟ್‌ಹಾರ್ನ್ ಮತ್ತು ಬ್ರಾಹ್ಮನ್ ತಳಿಗಳನ್ನು ಕೂಡಿಸಿ ಪಡೆದ ತಳಿ. ಅಮೆರಿಕದ ಬ್ರಾಹ್ಮನ್ ತಳಿ ಭಾರತದಿಂದ ಹೋದ ದನಗಳಿಂದ ಬಂದದ್ದು. ಅದರ ಮೂಲದಲ್ಲಿ ಗಿರ್, ಒಂಗೋಲು ತಳಿಗಳ ಜೊತೆಗೆ ನಮ್ಮ ಕೃಷ್ಣಾ ಕಣಿವೆಯ ತಳಿಯನ್ನೂ ಎಣಿಸುತ್ತಾರೆ.

ಆಗಿನ ಆರ್ಕನ್ಸಾ ಹೇಗಿತ್ತು? ಹತ್ತಿ ಹೊಲಗಳಲ್ಲಿ ಯಂತ್ರಗಳು ಬಂದು ಕೂಲಿ ಹೋಗಿತ್ತು. ಜನ ಗುಳೆ ಹೊರಟಿದ್ದರು. 1940ರಲ್ಲಿ ಸುಮಾರು 19.5 ಲಕ್ಷವಿದ್ದ ಜನಸಂಖ್ಯೆ 1960ರ ಹೊತ್ತಿಗೆ ಸುಮಾರು 17.9 ಲಕ್ಷಕ್ಕೆ ಇಳಿದಿತ್ತು. ಕಲ್ಯಾಣ ಕರ್ನಾಟಕದ ಹಳ್ಳಿಗಳಿಂದ ಮುಂಬಯಿಗೂ ಬೆಂಗಳೂರಿಗೂ ದುಡಿಯಲು ಹೊರಡುವವರನ್ನು ಕಂಡ ನಮಗೆ ಆ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1955ರಲ್ಲಿ ಗವರ್ನರ್ ಆರ್ವಲ್ ಫಾಬಸ್ ಅವರು ಹೊಸ ಕೈಗಾರಿಕಾ ಅಭಿವೃದ್ಧಿ ಆಯೋಗಕ್ಕೆ ರಾಕ್‌ಫೆಲರ್ ಅವರನ್ನು ಅಧ್ಯಕ್ಷರನ್ನಾಗಿ ನೇಮಿಸಿದರು. ಒಂಬತ್ತು ವರ್ಷಗಳಲ್ಲಿ 600ಕ್ಕೂ ಹೆಚ್ಚು ಕಾರ್ಖಾನೆಗಳು, ಸುಮಾರು 90,000 ಉದ್ಯೋಗಗಳು ಬಂದವು. ಇದರ ಜೊತೆಗೆ ಮಾರಿಲ್ಟನ್ ಊರಿನ ಮಾದರಿ ಶಾಲೆ, ಪೆರಿ ಕೌಂಟಿಯ ಚಿಕಿತ್ಸಾಲಯ, ಲಿಟಲ್ ರಾಕ್ ನಗರದ ಕಲಾಕೇಂದ್ರ ಇವೆಲ್ಲ ಅವರ ಕೊಡುಗೆಯಿಂದ ಬೆಳೆದವು.

ಆದರೆ ಇಲ್ಲೇ ಅವರಿಗೆ ಒಂದು ಕಠಿಣ ಪಾಠ ಕಾದಿತ್ತು. 1957ರ ಸೆಪ್ಟೆಂಬರಿನಲ್ಲಿ ಲಿಟಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲಿಗೆ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಸೇರಲು ಹೊರಟಾಗ ಗವರ್ನರ್ ಫಾಬಸ್ ಸೈನಿಕರನ್ನು ನಿಲ್ಲಿಸಿ ತಡೆದರು. ಹಾಗೆ ಮಾಡಬೇಡಿ ಎಂದು ರಾಕ್‌ಫೆಲರ್ ಮೊದಲೇ ಕೇಳಿಕೊಂಡಿದ್ದರು, ಮಾತು ನಡೆಯಲಿಲ್ಲ. ಕೊನೆಗೆ ಅಧ್ಯಕ್ಷ ಐಸೆನ್‌ಹೋವರ್ ಕೇಂದ್ರದ ಸೇನೆ ಕಳಿಸಿ ಮಕ್ಕಳನ್ನು ಶಾಲೆಗೆ ಸೇರಿಸಬೇಕಾಯಿತು. ಕಲ್ಲು ಹೊಡೆಯುವ ಊರಿಗೆ ಬಂಡವಾಳ ಬರುವುದಿಲ್ಲ. ಲಿಟಲ್ ರಾಕ್‌ಗೆ ದೊಡ್ಡ ಕೈಗಾರಿಕೆಗಳು ಬರುವುದು ಕೆಲವು ವರ್ಷ ನಿಂತುಹೋಯಿತು. ಕಾರ್ಖಾನೆ ತರಬಲ್ಲವನು, ಶಾಲೆ ಕಟ್ಟಿಸಬಲ್ಲವನು, ಆ ಶಾಲೆಯ ಬಾಗಿಲಲ್ಲಿ ಯಾರನ್ನು ಒಳಗೆ ಬಿಡಬೇಕೆಂದು ತೀರ್ಮಾನಿಸಲಾರ. ಅದನ್ನು ತೀರ್ಮಾನಿಸುವುದು ಸರ್ಕಾರ. ದಾನದ ಮಿತಿ ಅವರಿಗೆ ಕಂಡದ್ದು ಇಲ್ಲಿ ಎಂದು ನಾನು ತಿಳಿದಿದ್ದೇನೆ.

ಈಗ ಮೂರನೆಯ ಭಾಗಕ್ಕೆ, ಅಂದರೆ ಅಧಿಕಾರದ ವರ್ಷಗಳಿಗೆ ಬರೋಣ.

1964ರಲ್ಲಿ ಅವರು ರಿಪಬ್ಲಿಕನ್ ಅಭ್ಯರ್ಥಿಯಾಗಿ ಫಾಬಸ್ ಎದುರು ನಿಂತು ಸೋತರು. 1966ರಲ್ಲಿ ಮತ್ತೆ ನಿಂತರು. ಈ ಸಲ ಎದುರಾಳಿ ಜಿಮ್ ಜಾನ್ಸನ್, ವರ್ಣಭೇದವನ್ನು ಬಹಿರಂಗವಾಗಿ ಎತ್ತಿಹಿಡಿದವರು. 1965ರ ಮತದಾನ ಹಕ್ಕು ಕಾಯಿದೆಯ ನಂತರದ ಚುನಾವಣೆ ಅದು. ಕಪ್ಪು ಮತದಾರರು ಒಟ್ಟಾಗಿ ರಾಕ್‌ಫೆಲರ್ ಬೆನ್ನಿಗೆ ನಿಂತರು. ಶೇಕಡ 54ರಷ್ಟು ಮತ ಪಡೆದು ಅವರು ಗೆದ್ದರು. 1874ರ ನಂತರ ಆ ರಾಜ್ಯದಲ್ಲಿ ರಿಪಬ್ಲಿಕನ್ ಗವರ್ನರ್ ಬಂದದ್ದು ಅದೇ ಮೊದಲು. ಆದರೆ ಶಾಸನಸಭೆಯ 135 ಸದಸ್ಯರಲ್ಲಿ ಅವರ ಪಕ್ಷದವರು ಮೂವರು! ಪ್ರತಿಯೊಂದು ಕಾನೂನಿಗೂ ಎದುರು ಪಕ್ಷದ ಬಾಗಿಲು ತಟ್ಟಬೇಕಾಗಿತ್ತು.

ಹಾಗಿದ್ದೂ 1967ರಲ್ಲೇ ಮಾಹಿತಿ ಸ್ವಾತಂತ್ರ್ಯ ಕಾಯಿದೆಗೆ ಅವರ ಅಂಕಿತ ಬಿತ್ತು. ಸರ್ಕಾರದ ಕಡತ, ಸಾರ್ವಜನಿಕ ಮಂಡಳಿಗಳ ಸಭೆ ಜನರಿಗೆ ತೆರೆದವು. ಕರ್ನಾಟಕ ಇಂಥದೊಂದು ಕಾಯಿದೆಯನ್ನು ಮಾಡಿದ್ದು 2000ದಲ್ಲಿ, ಕೇಂದ್ರ ಮಾಡಿದ್ದು 2005ರಲ್ಲಿ. ಹಾಟ್ ಸ್ಪ್ರಿಂಗ್ಸ್ ನಗರದಲ್ಲಿ ಕಾನೂನಿನ ಕಣ್ಣೆದುರೇ ದಶಕಗಳಿಂದ ನಡೆದಿದ್ದ ಜೂಜುಕಟ್ಟೆಗಳನ್ನು ರಾಜ್ಯ ಪೊಲೀಸರು ಮುಚ್ಚಿಸಿದರು. ಜೂಜಿನ ಲಂಚ ಈ ಗವರ್ನರನ್ನು ಮುಟ್ಟುವಂತಿರಲಿಲ್ಲ. ಹೊಟ್ಟೆ ತುಂಬಿದವನು ಕದಿಯುವುದಿಲ್ಲ ಎಂಬ ಮಾತಿಗೆ ಇಷ್ಟರ ಮಟ್ಟಿಗೆ ಆಧಾರ ಸಿಗುತ್ತದೆ.

ಇಷ್ಟಾದರೂ ಅವರ ಆಡಳಿತದ ನಿಜವಾದ ಪರೀಕ್ಷೆ ನಡೆದದ್ದು ಸೆರೆಮನೆಗಳಲ್ಲಿ. ಈ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲು ನಿಮ್ಮ ಅನುಮತಿ ಬೇಡುತ್ತೇನೆ.

ಆರ್ಕನ್ಸಾದಲ್ಲಿ ಕಮಿನ್ಸ್ ಮತ್ತು ಟಕರ್ ಎಂಬ ಎರಡು ಸೆರೆಮನೆ ತೋಟಗಳಿದ್ದವು. ಕಮಿನ್ಸ್ ಒಂದೇ ಸುಮಾರು 16,000 ಎಕರೆ. ಕೈದಿಗಳು ಸಂಬಳವಿಲ್ಲದೆ ದುಡಿಯಬೇಕು, ಸೆರೆಮನೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕು ಎಂಬುದು ವ್ಯವಸ್ಥೆ. ಕಮಿನ್ಸ್‌ನಲ್ಲಿ ಸಾವಿರಕ್ಕೆ ಹತ್ತಿರದಷ್ಟು ಕೈದಿಗಳಿಗೆ ಸಂಬಳದ ನೌಕರರು 35 ಮಂದಿ. ಕಾವಲಿಗೆ ಯಾರು? ಆಯ್ದ ಕೈದಿಗಳ ಕೈಗೇ ಬಂದೂಕು ಕೊಟ್ಟಿದ್ದರು. ಊಟ, ಔಷಧ, ಮಲಗುವ ಜಾಗ ಎಲ್ಲಕ್ಕೂ ಅವರಿಗೆ ಲಂಚ ತೆರಬೇಕಾಗಿತ್ತು. ಚರ್ಮದ ಪಟ್ಟಿಯ ಹೊಡೆತ ನಿತ್ಯದ ಶಿಕ್ಷೆ. ಹಳೆಯ ಟೆಲಿಫೋನಿನ ಕೈತಿರುಗಣೆಯಿಂದ ಕೈದಿಯ ಮೈಗೆ ವಿದ್ಯುತ್ ಹಾಯಿಸುವ ಸಾಧನವೊಂದು ‘ಟಕರ್ ಟೆಲಿಫೋನ್’ ಎಂದೇ ಕುಖ್ಯಾತವಾಯಿತು. ಇದನ್ನೆಲ್ಲ ದಾಖಲಿಸಿದ ಪೊಲೀಸ್ ವರದಿಯೊಂದು 1966ರಲ್ಲೇ ತಯಾರಾಗಿತ್ತು. ರಾಕ್‌ಫೆಲರ್ ಅಧಿಕಾರ ವಹಿಸಿಕೊಂಡ ತಿಂಗಳಲ್ಲೇ ಅದನ್ನು ಜನರ ಮುಂದಿಟ್ಟರು.

ಸುಧಾರಣೆಗಾಗಿ ಟಾಮ್ ಮರ್ಟನ್ ಎಂಬ ತಜ್ಞರನ್ನು ಕರೆತಂದರು. ಮರ್ಟನ್ ಚಾವಟಿ ನಿಲ್ಲಿಸಿದರು, ಊಟ ಸುಧಾರಿಸಿದರು. 1968ರ ಜನವರಿಯಲ್ಲಿ ಕಮಿನ್ಸ್‌ನ ನೆಲ ಅಗೆಸಿದಾಗ ಮೂರು ಅಸ್ಥಿಪಂಜರಗಳು ಸಿಕ್ಕವು. ಅವು ಕೊಲೆಯಾದ ಕೈದಿಗಳವು ಎಂದು ಮರ್ಟನ್ ಸಾರಿದರು. ಹಳೆಯ ಬಡವರ ಸ್ಮಶಾನ ಅದು ಎಂದು ಇತರರು ವಾದಿಸಿದರು. ಸುದ್ದಿ ದೇಶವಿಡೀ ಹಬ್ಬಿತು, ಶಾಸನಸಭೆ ಕೆರಳಿತು. ಮಾರ್ಚಿನಲ್ಲಿ ಮರ್ಟನ್ ಅವರನ್ನು ಕೆಲಸದಿಂದ ತೆಗೆಯಲಾಯಿತು. ಮರ್ಟನ್ ಯಾರ ಜೊತೆಗೂ ಹೊಂದಿಕೊಳ್ಳುತ್ತಿರಲಿಲ್ಲ ಎಂಬುದು ನಿಜವಿರಬಹುದು. ಆದರೂ ಸತ್ಯವನ್ನು ಅಗೆದು ತೆಗೆಯಲು ಕರೆದವನನ್ನು ಅಗೆತ ಆರಂಭವಾದ ಕೆಲವೇ ವಾರಗಳಲ್ಲಿ ಹೊರಗೆ ಕಳಿಸಿದ್ದು ರಾಕ್‌ಫೆಲರ್ ಆಡಳಿತದ ಮೇಲಿನ ಕಲೆ. ಅದನ್ನು ಒರೆಸಿ ಅವರ ಚಿತ್ರ ಬರೆಯಲು ನಾನು ಸಿದ್ಧನಿಲ್ಲ.

ಅದೇ ವರ್ಷ ಸೆರೆಮನೆಗಳಿಗಾಗಿ ಪ್ರತ್ಯೇಕ ಇಲಾಖೆ ಹುಟ್ಟಿತು. 1970ರಲ್ಲಿ ಕೇಂದ್ರ ನ್ಯಾಯಾಲಯದ ನ್ಯಾಯಾಧೀಶ ಸ್ಮಿತ್ ಹೆನ್ಲಿ ಅವರು ಆ ರಾಜ್ಯದ ಸೆರೆಮನೆ ವ್ಯವಸ್ಥೆಯೇ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತರು. ನ್ಯಾಯಾಲಯದ ಮೇಲ್ವಿಚಾರಣೆ 1980ರ ದಶಕದವರೆಗೂ ನಡೆಯಿತು. ವ್ಯಕ್ತಿಗಳು ಬಂದರು, ಹೋದರು. ಇಲಾಖೆ ಮತ್ತು ತೀರ್ಪು ಕೆಲಸ ಮುಂದುವರಿಸಿದವು.

ಸೆರೆಮನೆಯಿಂದ ಈಗ ರಾಜಧಾನಿಯ ಮೆಟ್ಟಿಲಿಗೆ ಬರೋಣ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದರು. ಹಲವು ನಗರಗಳು ಹೊತ್ತಿ ಉರಿಯುತ್ತಿದ್ದವು. ಏಪ್ರಿಲ್ 7ರಂದು ಆರ್ಕನ್ಸಾದ ಶಾಸನಭವನದ ಮೆಟ್ಟಿಲುಗಳ ಮೇಲೆ ಶ್ರದ್ಧಾಂಜಲಿ ಸಭೆ ನಡೆಯಿತು. ಗವರ್ನರ್ ರಾಕ್‌ಫೆಲರ್ ಕಪ್ಪು ನಾಯಕರ ಕೈಹಿಡಿದು ಅವರ ಹಾಡಿಗೆ ದನಿಗೂಡಿಸಿದರು. ದಕ್ಷಿಣದ ರಾಜ್ಯಗಳ ಗವರ್ನರುಗಳಲ್ಲಿ ಹಾಗೆ ಬಹಿರಂಗವಾಗಿ ನಿಂತವರು ಅವರೊಬ್ಬರೇ. ಆ ವರ್ಷ ಚುನಾವಣೆಯಿತ್ತು. ಅಧ್ಯಕ್ಷ ಸ್ಥಾನಕ್ಕೆ ಆರ್ಕನ್ಸಾ ಆರಿಸಿದ್ದು ವರ್ಣಭೇದವಾದಿ ಜಾರ್ಜ್ ವಾಲೆಸ್ ಅವರನ್ನು. ಅದೇ ದಿನ, ಅದೇ ಮತದಾರರು ರಾಕ್‌ಫೆಲರ್ ಅವರನ್ನು ಎರಡನೆಯ ಸಲ ಗವರ್ನರ್ ಸ್ಥಾನಕ್ಕೆ ಗೆಲ್ಲಿಸಿದರು. ಜನಮನಸ್ಸು ನಾವು ಭಾವಿಸುವಷ್ಟು ಸರಳವಲ್ಲ.

ಎರಡನೆಯ ಅವಧಿ ಸೋಲಿನ ಅವಧಿ. ಶಾಲೆ, ಆಸ್ಪತ್ರೆ, ಸೆರೆಮನೆಗಳಿಗಾಗಿ ಸುಮಾರು 9 ಕೋಟಿ ಡಾಲರ್ ಹೆಚ್ಚಿನ ತೆರಿಗೆಯ ಪ್ರಸ್ತಾವವನ್ನು 1969ರಲ್ಲಿ ಅವರು ಶಾಸನಸಭೆಯ ಮುಂದಿಟ್ಟರು. ಅದರ ಬಹುಪಾಲು ಬಿದ್ದುಹೋಯಿತು. ರಾಕ್‌ಫೆಲರ್ ಮನೆತನದವನು ಬಡವರ ಮೇಲೆ ತೆರಿಗೆ ಹೇರುತ್ತಾನೆಯೇ ಎಂದು ಆಡಿಕೊಳ್ಳುವುದು ಸುಲಭವಾಗಿತ್ತು. ಅವರ ಕುಡಿತವನ್ನೂ ಕುಟುಂಬದ ಬಿರುಕನ್ನೂ ವಿರೋಧಿಗಳು ಎತ್ತಿ ಆಡಿದರು. 1970ರಲ್ಲಿ ಡೇಲ್ ಬಂಪರ್ಸ್ ಎಂಬ ಹೊಸ ಮುಖದ ಎದುರು ಅವರು ಭಾರೀ ಅಂತರದಿಂದ ಸೋತರು. ವಿಶೇಷವೆಂದರೆ, ರಾಕ್‌ಫೆಲರ್ ಬಯಸಿದ್ದ ಆಡಳಿತ ಸುಧಾರಣೆಯನ್ನೂ ತೆರಿಗೆ ಹೆಚ್ಚಳವನ್ನೂ ಬಂಪರ್ಸ್ ತಮ್ಮ ಪಕ್ಷದ ಬಹುಮತದಿಂದ ಸಾಧಿಸಿದರು.

ಆ ತೆರಿಗೆಯ ಪ್ರಸ್ತಾವವನ್ನು ನಾನು ಅವರ ಬದುಕಿನ ಅತ್ಯಂತ ಗೌರವಾರ್ಹ ಸೋಲು ಎನ್ನುತ್ತೇನೆ. ಕೈಯಾರೆ ಇನ್ನೊಂದು ಶಾಲೆ, ಇನ್ನೊಂದು ಆಸ್ಪತ್ರೆ ಕಟ್ಟಿಸಿ ಚಪ್ಪಾಳೆ ಪಡೆಯುವುದು ಅವರಿಗೆ ಸುಲಭವಿತ್ತು. ಆದರೆ ಎಲ್ಲ ಮಕ್ಕಳ ಶಾಲೆ ಒಬ್ಬ ಧನಿಕನ ಮರ್ಜಿಯ ಮೇಲೆ ನಡೆಯಬಾರದು, ಎಲ್ಲರ ಬೊಕ್ಕಸದಿಂದ ನಡೆಯಬೇಕು ಎಂಬುದು ಆ ಪ್ರಸ್ತಾವದ ತಿರುಳು.

ಕೊನೆಯ ಭಾಗಕ್ಕೆ ಬಂದಿದ್ದೇನೆ.

1970ರ ಡಿಸೆಂಬರ್ 29. ಅಧಿಕಾರ ಹಸ್ತಾಂತರಕ್ಕೆ ಉಳಿದಿದ್ದದ್ದು ಕೆಲವೇ ದಿನ. ಆರ್ಕನ್ಸಾದಲ್ಲಿ ಮರಣದಂಡನೆಗಾಗಿ ಕಾದಿದ್ದ ಎಲ್ಲ 15 ಕೈದಿಗಳ ಶಿಕ್ಷೆಯನ್ನು ರಾಕ್‌ಫೆಲರ್ ಜೀವಾವಧಿಗೆ ಇಳಿಸಿದರು. ತಮ್ಮ ಅವಧಿಯುದ್ದಕ್ಕೂ ಅವರು ಯಾರನ್ನೂ ವಧಸ್ಥಾನಕ್ಕೆ ಕಳಿಸಿರಲಿಲ್ಲ; ತಾವು ಅಧಿಕಾರ ಬಿಟ್ಟ ಮೇಲೂ ಆ ಕೈದಿಗಳು ಅಲ್ಲಿಗೆ ಹೋಗಬಾರದೆಂದು ಹೀಗೆ ಮಾಡಿದರು. ನಮ್ಮ ಸಂವಿಧಾನದ 161ನೆಯ ವಿಧಿ ರಾಜ್ಯಪಾಲರಿಗೂ ಕ್ಷಮಾದಾನದ ಅಧಿಕಾರ ಕೊಡುತ್ತದೆ. ನಮ್ಮಲ್ಲಿ ಅದು ಮಂತ್ರಿಮಂಡಲದ ಸಲಹೆಗೆ ಬದ್ಧ. ಅಲ್ಲಿ ಅಂಕಿತವೂ ಹೊಣೆಯೂ ಒಬ್ಬರವೇ. ಆ ಹದಿನೈದು ಮಂದಿಯಿಂದ ಮತವಿಲ್ಲ, ಹಣವಿಲ್ಲ, ಹೊಗಳಿಕೆಯೂ ಇಲ್ಲ. ಬಲಿಯಾದವರ ಮನೆಗಳ ನೋವು ಸಣ್ಣದಲ್ಲ, ವಿರೋಧವೂ ಬಂತು. ಆದರೂ ಕೊಲ್ಲುವ ಅಧಿಕಾರವನ್ನು ಸರ್ಕಾರ ಬಳಸಬಾರದು ಎಂಬ ನಂಬಿಕೆಗೆ ಅವರು ಅಂಟಿಕೊಂಡರು.

ಇದನ್ನು ಅವರ ಅಣ್ಣನ ಆಡಳಿತದ ಪಕ್ಕದಲ್ಲಿಟ್ಟು ನೋಡಬೇಕು. ನೆಲ್ಸನ್ ರಾಕ್‌ಫೆಲರ್ ನ್ಯೂಯಾರ್ಕಿನ ಗವರ್ನರ್ ಆಗಿದ್ದಾಗ, 1971ರ ಸೆಪ್ಟೆಂಬರಿನಲ್ಲಿ, ಆಟಿಕಾ ಸೆರೆಮನೆಯ ಕೈದಿಗಳು ದಂಗೆಯೆದ್ದರು. ಸ್ಥಳಕ್ಕೆ ಬನ್ನಿ ಎಂಬ ಮಧ್ಯಸ್ಥರ ಕೋರಿಕೆಯನ್ನು ನೆಲ್ಸನ್ ಒಪ್ಪಲಿಲ್ಲ. ಪೊಲೀಸರು ಗುಂಡು ಹಾರಿಸುತ್ತ ಒಳನುಗ್ಗಿದರು. ಆ ಪ್ರಕರಣದಲ್ಲಿ ಒಟ್ಟು 43 ಮಂದಿ ಸತ್ತರು. 1973ರಲ್ಲಿ ಅದೇ ನೆಲ್ಸನ್ ಮಾದಕ ವಸ್ತುಗಳ ವಿರುದ್ಧ ತಂದ ಅತಿ ಕಠಿಣ ಕಾನೂನು ಸಾವಿರಾರು ಬಡ ಯುವಕರನ್ನು ಸೆರೆಗೆ ತಳ್ಳಿತು. ಒಂದೇ ತಾಯಿಯ ಮಕ್ಕಳು, ಒಂದೇ ಸಂಪತ್ತು, ಒಂದೇ ಲೆಕ್ಕದ ಪುಸ್ತಕ. ಸೆರೆಯಲ್ಲಿದ್ದವನನ್ನು ನೋಡಿದ ಕಣ್ಣು ಮಾತ್ರ ಬೇರೆ. ಸಿರಿ ಮನುಷ್ಯನ ಗುಣವನ್ನು ನಿರ್ಧರಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ.

ವಿಂತ್ರಾಪ್ ರಾಕ್‌ಫೆಲರ್ 1973ರ ಫೆಬ್ರವರಿ 22ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ ಅರವತ್ತು ವರ್ಷ.

ಆರಂಭದಲ್ಲಿ ಹೇಳಿದ ಎರಡು ಉತ್ತರಗಳ ಬಗ್ಗೆ ನನ್ನ ತೀರ್ಮಾನ ಇಷ್ಟು. ಸಂಪತ್ತು ಅವರನ್ನು ಲಂಚದಿಂದ ದೂರ ಇಟ್ಟಿತು, ಸೋಲಿನ ಭಯದಿಂದಲೂ ದೂರ ಇಟ್ಟಿತು. ಆ ಸ್ವಾತಂತ್ರ್ಯವನ್ನು ಯಾರಿಗಾಗಿ ಬಳಸಬೇಕೆಂದು ಕಲಿಸಿದ್ದು ಸಂಪತ್ತಲ್ಲ; ತೈಲಬಾವಿ, ಯುದ್ಧ, ಲಿಟಲ್ ರಾಕ್‌ನ ಶಾಲೆಯ ಬಾಗಿಲು. ಅವರ ದಾನ ಕೆಲವು ಊರುಗಳಿಗೆ ನೆರವಾಯಿತು. ಅವರ ಅಂಕಿತ ಪಡೆದ ಮಾಹಿತಿ ಕಾಯಿದೆ ಇಂದಿಗೂ ಆ ರಾಜ್ಯದ ಪ್ರತಿಯೊಬ್ಬ ಪ್ರಜೆಯ ಕೈಯಲ್ಲಿದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮುಂದೆ ಸಿರಿವಂತರು ಮತ ಕೇಳಿಕೊಂಡು ಬರುತ್ತಾರೆ. ಎಷ್ಟು ಗಳಿಸಿದ್ದೀರಿ, ಎಷ್ಟು ದಾನ ಮಾಡಿದ್ದೀರಿ ಎಂದು ಕೇಳಿ, ತಪ್ಪಿಲ್ಲ. ಅಷ್ಟಕ್ಕೇ ನಿಲ್ಲಬೇಡಿ. ನಿಮ್ಮ ಕೃಪೆಯಿಲ್ಲದೆಯೂ ನಮಗೆ ಸಲ್ಲುವಂಥ ಯಾವ ಹಕ್ಕನ್ನು ಕಾನೂನಾಗಿ ಮಾಡುತ್ತೀರಿ ಎಂದು ಕೇಳಿ. ಮತವಿಲ್ಲದವನಿಗೆ, ಸೆರೆಯಲ್ಲಿರುವವನಿಗೆ ಏನು ಮಾಡುತ್ತೀರಿ ಎಂದು ಕೇಳಿ. ಆ ಪ್ರಶ್ನೆಗಳಿಗೆ ಬರುವ ಉತ್ತರವನ್ನು ನೋಡಿ ಮತ ಕೊಡಿ.